ಸೇಡಂ ರಸ್ತೆಯ ಡ್ರಮ್ಸ್ ಕ್ಲಾಸು: ಮೊದಲ ಪಾಠ ಎಡಗಾಲಿಗೆ

ಡ್ರಮ್ಸ್‌ನ ಹೈ ಹ್ಯಾಟ್ (ಸ್ಟ್ಯಾಂಡಿನ ಮೇಲೆ ಒಂದರ ಮೇಲೊಂದು ಕೂರಿಸಿದ ಎರಡು ಸಿಂಬಲ್, ಅಂದರೆ ಲೋಹದ ತಟ್ಟೆ; ಎಡಗಾಲಿನ ಪೆಡಲ್ ಒತ್ತಿದರೆ ಮುಚ್ಚಿಕೊಳ್ಳುತ್ತವೆ) ಅಂದರೆ ಬಲಗೈಯಿಂದ ಟಿಕ್ ಟಿಕ್ ಅನ್ನಿಸುವುದು ಅಂತಲೇ ಬಹಳ ಜನ ಕಲಿಯುತ್ತಾರೆ. ಕಲಬುರಗಿಯ ಸೇಡಂ ರಸ್ತೆ ಕಡೆ ನಾನು ಹೋಗುವ ಕ್ಲಾಸಿನಲ್ಲಿ ಹಾಗಲ್ಲ.

ನಾನು ಚಿಕ್ಕಂದಿನಿಂದ ತಬಲಾ ನುಡಿಸಿದವಳು. ತೀನ್‌ತಾಲದ 16 ಮಾತ್ರೆ ಕೈಗೆ ಗೊತ್ತು, ಕಾಲಿಗೆ ಏನೂ ಗೊತ್ತಿಲ್ಲ. ಮಾಸ್ತರು ಮೊದಲ ದಿನ ಸ್ಟಿಕ್ಕನ್ನೇ ಕೊಡಲಿಲ್ಲ. "ಕೈ ಬಿಡ್ರಿ ಅಕ್ಕಾ, ಮೊದ್ಲ ಕಾಲ್ ನೋಡ್ರಿ" ಎಂದು ಮೆಟ್ರೊನೋಮ್ (ಲಯ ಹಿಡಿಯಲು ಟಿಕ್ ಟಿಕ್ ಅನ್ನುವ ಯಂತ್ರ) ನಿಮಿಷಕ್ಕೆ 60 ಬಡಿತಕ್ಕೆ ಇಟ್ಟು, ಒಂದು-ಎರಡು-ಮೂರು-ನಾಲ್ಕು ಎಣಿಕೆಯ ಎರಡು ಮತ್ತು ನಾಲ್ಕರ ಮೇಲೆ ಪೆಡಲ್ ಒತ್ತಿಸಿದರು. ಮೆಲ್ಲಗೆ ಒತ್ತಿದರೆ ಸದ್ದೇ ಇಲ್ಲ. ಚಟ್ಟನೆ ಒತ್ತಿ ಹಿಡಿದರೆ 'ಚಿಕ್'. ಒತ್ತಿ ತಕ್ಷಣ ಬಿಟ್ಟರೆ ಎರಡೂ ಸಿಂಬಲ್ ಝಲ್ಲನೆ ತೆರೆದುಕೊಳ್ಳುತ್ತವೆ.

ನನಗೆ ತುಂಬಾ ಹಿಡಿಸಿದ್ದು ಸ್ಟ್ಯಾಂಡಿನ ಪಾಠ. ಕೆಳಗಿನ ಸಿಂಬಲ್ಲಿನ ಅಡಿಯಲ್ಲಿ ಒಂದು ಸಣ್ಣ ಸ್ಕ್ರೂ ಇರುತ್ತದೆ. ತಿರುಗಿಸಿದರೆ ಸಿಂಬಲ್ ಒಂಚೂರು ಓರೆಯಾಗುತ್ತದೆ. ಎರಡೂ ಪೂರ್ತಿ ಮಟ್ಟಸವಾಗಿದ್ದರೆ ನಡುವೆ ಗಾಳಿ ಸಿಕ್ಕಿಕೊಂಡು 'ಚಿಕ್' ಮಂಕಾಗುತ್ತದೆ. ಮಾಸ್ತರು ತಿರುಗಿಸಿ ಮತ್ತೆ ಒತ್ತಿಸಿದರು. ಅದೇ ಕಾಲು, ಅದೇ ಪೆಡಲ್, ಸದ್ದು ಬೇರೆ! ಇದನ್ನು ಹೇಳಿಕೊಡುವವರು ಕಡಿಮೆ.

ಆಮೇಲೆ ಕೈ. ಸ್ಟಿಕ್ಕಿನ ತುದಿಯಿಂದ ಸಿಂಬಲ್ಲಿನ ಮೇಲ್ಮೈಗೆ ಒಂದು ಏಟು, ಸ್ಟಿಕ್ಕಿನ ಮೈಯಿಂದ ಅಂಚಿಗೆ ಒಂದು ಏಟು. ಒಂದು ಮೆತ್ತಗೆ, ಒಂದು ಜೋರು. ಇಷ್ಟಕ್ಕೇ ಸಪ್ಪೆ ಬೀಟ್‌ಗೆ ಜೀವ ಬರುತ್ತದೆ. ಕಷ್ಟ ಇರುವುದು ಓಪನ್ ಹೈ ಹ್ಯಾಟ್‌ನಲ್ಲಿ. ನಾಲ್ಕರ 'ಆಂಡ್' ಮೇಲೆ, ಅಂದರೆ ನಾಲ್ಕಕ್ಕೂ ಮುಂದಿನ ಒಂದಕ್ಕೂ ನಟ್ಟನಡುವೆ, ತೆರೆದು ಬಾರಿಸಿ, ಮುಂದಿನ ಒಂದಕ್ಕೆ ಮುಚ್ಚಬೇಕು. ಅದೇ ಒಂದಕ್ಕೆ ಬಲಗಾಲು ಕಿಕ್ (ಕಾಲಿನ ಪೆಡಲ್‌ನಿಂದ ಬಾರಿಸುವ ದೊಡ್ಡ ಡ್ರಮ್) ಹೊಡೆಯಬೇಕು. ಎರಡೂ ಕಾಲು ಒಟ್ಟಿಗೆ ಇಳಿಯಬೇಕು ಅಲ್ವಾ, ನನ್ನ ಎಡಗಾಲು ಈಗಲೂ ಒಂದು ಕೂದಲೆಳೆ ತಡ.

ಕೊರತೆ ಇಲ್ಲ ಅಂತಲ್ಲ. ಕ್ಲಾಸಿನ ಹೈ ಹ್ಯಾಟ್ 14 ಇಂಚಿನ ಅಗ್ಗದ ಹಿತ್ತಾಳೆ ಜೋಡಿ. ತೆರೆದು ಬಾರಿಸಿದರೆ ಅಡುಗೆಮನೆಯಲ್ಲಿ ತಟ್ಟೆ ಬಿದ್ದ ಹಾಗೆ. ಮೇಲಿನ ಸಿಂಬಲ್ಲನ್ನು ಸರಳಿಗೆ ಹಿಡಿದಿಡುವ ಕ್ಲಚ್ ಸಡಿಲ, ನುಡಿಸುವ ನಡುವೆಯೇ ಮೇಲಿನ ಸಿಂಬಲ್ ಜಾರುತ್ತದೆ. ಎರಡು ಸಲ ಹೇಳಿಯಾಯಿತು, ಯಾರೂ ಬದಲಾಯಿಸಿಲ್ಲ. ಮೇ ತಿಂಗಳಲ್ಲಿ ಕೂಲರ್ ಇಲ್ಲದೆ ಆ ಕೋಣೆಯಲ್ಲಿ ಕೂರಲಾಗದು, ಹಾಕಿದರೆ ಕಾಲಿನ 'ಚಿಕ್' ಕೇಳಿಸದು.

ಸುಮ್ನೆ ನಾಲ್ಕು ಹಾಡಿಗೆ ಬೀಟ್ ಹಾಕಬೇಕು ಅನ್ನುವವರಿಗೆ ಇದು ನಿಧಾನ ಅನಿಸುತ್ತದೆ. ಬುನಾದಿ ಬೇಕು ಅನ್ನುವವರು ಸೇರಬಹುದು. ರವಿವಾರದ ಬ್ಯಾಚಿನಲ್ಲಿ ಹುಡುಗರು ಜಾಸ್ತಿ, ಕಿಟ್ ಒಂದೇ. ವಾರದ ದಿನದ ಸಂಜೆ ಕೇಳಿಕೊಳ್ಳಿ.