ಆಯಿಲ್ ಪ್ರೆಶರ್ ಸೆಂಡರ್‌ಗೆ ಯಾವ ಜಾಗ: ಜಿಪ್ಸಿಯಲ್ಲಿ ಪರೀಕ್ಷಿಸಿದ ಮೂರು ಜೋಡಣೆಗಳ ಹೋಲಿಕೆ

ಪುಣೆಯಿಂದ ಬೆಳಗಾವಿಯ ಕಡೆಗೆ ಹೋಗುವವರು ಕಾತ್ರಜ್ ಮತ್ತು ಖಂಬಾಟ್ಕಿ ಘಾಟುಗಳನ್ನು ದಾಟಲೇಬೇಕು. 1298 ಸಿಸಿಯ ಹಳೆಯ ಮಾರುತಿ ಜಿಪ್ಸಿ ತುಂಬಿದ ಭಾರದೊಂದಿಗೆ ಬೇಸಿಗೆಯಲ್ಲಿ ಈ ಏರುಗಳನ್ನು ಹತ್ತುವಾಗ ಆಯಿಲ್ ಬಿಸಿಯಾಗಿ ತೆಳುವಾಗುತ್ತದೆ, ಒತ್ತಡವೂ ಇಳಿಯುತ್ತದೆ. ಕಂಪನಿ ಕೊಟ್ಟಿರುವ ಕೆಂಪು ದೀಪದಿಂದ ಇದು ತಿಳಿಯುವುದಿಲ್ಲ, ಏಕೆಂದರೆ ಅಂತಹ ದೀಪಗಳ ಸ್ವಿಚ್ ಸಾಮಾನ್ಯವಾಗಿ 0.3ರಿಂದ 0.5 ಬಾರ್‌ಗೆ ಇಳಿದಾಗಷ್ಟೇ ಕೆಲಸ ಮಾಡುತ್ತದೆ ಮತ್ತು ಅಷ್ಟರಲ್ಲಿ ಬೇರಿಂಗ್‌ಗಳಿಗೆ ಪೆಟ್ಟು ಬಿದ್ದಿರಬಹುದು. ಅದಕ್ಕೇ ಒತ್ತಡವನ್ನು ಮುಳ್ಳಿನಿಂದ ತೋರಿಸುವ ಗೇಜ್ ಬೇಕು, ಅದನ್ನು ಡ್ಯಾಶ್‌ಬೋರ್ಡಿನಲ್ಲಿ ಎಲ್ಲಿಟ್ಟರೂ ನಡೆಯುತ್ತದೆ. ಯೋಚಿಸಬೇಕಾದದ್ದು ಎಂಜಿನ್ ಬದಿಯ ಸೆಂಡರ್‌ನ, ಅಂದರೆ ಒತ್ತಡವನ್ನು ಅಳೆದು ತಂತಿಯ ಮೂಲಕ ಗೇಜಿಗೆ ತಿಳಿಸುವ ಭಾಗದ, ಜಾಗವನ್ನು.

ಅತ್ಯಂತ ಅಗ್ಗದ ದಾರಿಯೆಂದರೆ ಎಂಜಿನ್ ಬ್ಲಾಕಿನಲ್ಲಿರುವ ಆ ದೀಪದ ಮೂಲ ಸ್ವಿಚ್ಚನ್ನು ತೆಗೆದು, ಅದೇ ರಂಧ್ರಕ್ಕೆ ಟಿ ಆಕಾರದ ಫಿಟಿಂಗ್ ಹಾಕಿ, ಒಂದು ಬದಿಗೆ ಸ್ವಿಚ್ಚನ್ನೂ ಇನ್ನೊಂದು ಬದಿಗೆ ಸೆಂಡರನ್ನೂ ಕೂರಿಸುವುದು. ಪುಣೆಯ ನಾನಾ ಪೇಠೆಯ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದು ಹಿತ್ತಾಳೆಯ ಟಿ. ತೊಂದರೆಯ ಬೇರು ಅಲ್ಲಿಯೇ ಇದೆ. ಡಬ್ಬಿಯಂತಹ ಸೆಂಡರ್ ಸ್ವಿಚ್‌ಗಿಂತ ಬಹಳ ಭಾರ. ಅದು ಬ್ಲಾಕಿನಿಂದ ಹೊರಚಾಚಿಕೊಂಡು ನಾಲ್ಕು ಸಿಲಿಂಡರ್ ಎಂಜಿನ್ನಿನ ಕಂಪನಕ್ಕೆ ಸದಾ ಅಲುಗುತ್ತಿದ್ದರೆ, ಟಿಯ ಕುತ್ತಿಗೆಯಲ್ಲಿ, ಥ್ರೆಡ್ ಕೊನೆಯಾಗುವ ಜಾಗದಲ್ಲಿ, ಲೋಹ ದಣಿದು ಬಿರುಕು ಬಿಡುತ್ತದೆ. ನನ್ನ ವಾಹನದಲ್ಲಿ ಅದೇ ಕುತ್ತಿಗೆಯಲ್ಲಿ ಆಯಿಲ್ ಜಿನುಗಲು ಆರಂಭಿಸಿತು, ಅದೃಷ್ಟಕ್ಕೆ ಮುರಿಯುವ ಮೊದಲೇ ಕಣ್ಣಿಗೆ ಬಿತ್ತು. ಮುರಿದಿದ್ದರೆ ಪಂಪು ಸಂಪ್‌ನಲ್ಲಿರುವ (ಎಂಜಿನ್ ತಳದ ತೊಟ್ಟಿಯಲ್ಲಿರುವ) ಆಯಿಲನ್ನು ಕೆಲವೇ ನಿಮಿಷಗಳಲ್ಲಿ ರಸ್ತೆಗೆ ಸುರಿಯುತ್ತಿತ್ತು. ಉಕ್ಕಿನ ಟಿ ಹಾಕಿದರೆ ಈ ಭಯ ಕಡಿಮೆಯಾಗುತ್ತದೆಯೇ ಹೊರತು ಹೋಗುವುದಿಲ್ಲ.

ಇದೇ ರಂಧ್ರದಲ್ಲಿ ಥ್ರೆಡ್ಡಿನ ತೊಡಕೂ ಇದೆ. ಜಪಾನಿ ವಿನ್ಯಾಸದ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ 1/8 ಬಿಎಸ್‌ಪಿಟಿ (ಬ್ರಿಟಿಷ್ ಮಾನದ ಥ್ರೆಡ್) ಇರುತ್ತದೆ, ಮಾರುಕಟ್ಟೆಯ ಅನೇಕ ಸೆಂಡರ್‌ಗಳು 1/8 ಎನ್‌ಪಿಟಿ (ಅಮೆರಿಕನ್ ಮಾನದ್ದು). ಮೊದಲನೆಯದಕ್ಕೆ ಇಂಚಿಗೆ 28 ಸುತ್ತು ಮತ್ತು 55 ಡಿಗ್ರಿ ಕೋನ, ಎರಡನೆಯದಕ್ಕೆ 27 ಸುತ್ತು ಮತ್ತು 60 ಡಿಗ್ರಿ. ಒಂದೆರಡು ಸುತ್ತು ನಯವಾಗಿ ಹೋಗಿ ಆಮೇಲೆ ಬಿಗಿಯಾದಾಗ, ‘ಕೂತಿತು’ ಎಂದು ಮೇಸ್ತ್ರಿ ಇನ್ನಷ್ಟು ತಿರುಗಿಸಿದರೆ ಹಾಳಾಗುವುದು ಬ್ಲಾಕಿನ ಥ್ರೆಡ್. ಬಿಎಸ್‌ಪಿಟಿಯಿಂದ ಎನ್‌ಪಿಟಿಗೆ ಬದಲಿಸುವ ಅಡಾಪ್ಟರ್ ಕೇಳಿ ತೆಗೆದುಕೊಳ್ಳುವುದು ಉತ್ತಮ.

ಎರಡನೆಯದು ಫಿಲ್ಟರ್ ಮತ್ತು ಬ್ಲಾಕಿನ ನಡುವೆ ಸೇರಿಸುವ ಸ್ಯಾಂಡ್‌ವಿಚ್ ಪ್ಲೇಟ್. ನೋಡಲು ಅಚ್ಚುಕಟ್ಟು, ಉಷ್ಣತೆಯ ಸೆಂಡರನ್ನೂ ಅಲ್ಲಿಯೇ ಕೂರಿಸಬಹುದು. ಆದರೆ ಫಿಲ್ಟರ್ ಪ್ಲೇಟಿನ ದಪ್ಪದಷ್ಟು ಹೊರಗೆ ಸರಿಯುತ್ತದೆ, ಆಯಿಲ್ ಸೋರಲು ಇನ್ನೊಂದು ಸಂದು ಹುಟ್ಟುತ್ತದೆ, ಪ್ರತಿ ಬಾರಿ ಫಿಲ್ಟರ್ ಬದಲಿಸುವಾಗ ಪ್ಲೇಟ್ ಸಡಿಲವಾಗಿದೆಯೇ ಎಂದು ನೋಡುವ ಕೆಲಸ ಸೇರಿಕೊಳ್ಳುತ್ತದೆ. ಪ್ಲೇಟಿನ ಹೊರವಲಯದಲ್ಲಿರುವ ರಂಧ್ರಕ್ಕೆ ಬರುವುದು ಫಿಲ್ಟರಿನ ಮೊದಲಿನ ಒತ್ತಡವಾದ್ದರಿಂದ, ಫಿಲ್ಟರ್ ಕಟ್ಟಿಕೊಂಡಿದ್ದರೂ ಗೇಜ್ ಒಳ್ಳೆಯ ಅಂಕೆಯನ್ನೇ ತೋರಿಸಬಹುದು. ಆಯಿಲ್ ಕೂಲರ್ ಹಾಕುವವರಿಗೆ ಪ್ಲೇಟ್ ಹೇಗೂ ಬೇಕು. ಉಳಿದವರು ಅದಕ್ಕೆ ಹಣ ಹಾಕುವುದರಲ್ಲಿ ಅರ್ಥವಿಲ್ಲ.

ಮೂರನೆಯದು, ನಾನು ಉಳಿಸಿಕೊಂಡಿರುವುದು, ಬ್ಲಾಕಿನ ರಂಧ್ರದಿಂದ ಉಕ್ಕಿನ ಹೆಣಿಗೆಯ ಹೋಸ್ ಎಳೆದು ಸೆಂಡರನ್ನೂ ಮೂಲ ಸ್ವಿಚ್ಚನ್ನೂ ಫೈರ್‌ವಾಲಿನ (ಎಂಜಿನ್‌ಗೂ ಕ್ಯಾಬಿನ್ನಿಗೂ ನಡುವಿನ ತಗಡಿನ ಗೋಡೆಯ) ಮೇಲೆ ಕೂರಿಸುವ ಜೋಡಣೆ. ಪುಣೆಯ ಬಳಿಯ ಭೋಸರಿಯ ಹೈಡ್ರಾಲಿಕ್ ಅಂಗಡಿಯವರು ಬೇಕಾದ ಉದ್ದಕ್ಕೆ, ಎರಡೂ ತುದಿಗೆ ಬೇಕಾದ ಥ್ರೆಡ್ಡಿನೊಂದಿಗೆ ಹೋಸ್ ಕಟ್ಟಿ ಕೊಟ್ಟರು. ಇಲ್ಲಿ ಭಾರವೆಲ್ಲ ಬಾಡಿಯ ಮೇಲೆ ಬೀಳುತ್ತದೆ, ಎಂಜಿನ್ನಿನ ಕಂಪನವನ್ನು ಹೋಸ್ ನುಂಗಿಕೊಳ್ಳುತ್ತದೆ. ಉದ್ದದ ಹೋಸಿನಿಂದ ಅಂಕೆ ತಪ್ಪುತ್ತದೆ ಎಂಬ ಆಕ್ಷೇಪವನ್ನು ನಾನು ಒಪ್ಪುವುದಿಲ್ಲ: ಹೋಸಿನೊಳಗೆ ಆಯಿಲ್ ಹರಿಯುವುದಿಲ್ಲವಾದ್ದರಿಂದ ಎರಡೂ ತುದಿಯ ಒತ್ತಡ ಒಂದೇ, ಎತ್ತರದ ವ್ಯತ್ಯಾಸವಿದ್ದರೂ ಒಂದು ಮೀಟರಿಗೆ 0.1 ಬಾರ್‌ಗಿಂತ ಕಡಿಮೆ. ಗೇಜಿನ ಮುಳ್ಳಿನ ದಪ್ಪವೇ ಅದಕ್ಕಿಂತ ಹೆಚ್ಚು.

ಆದರೆ ಒಂದೇ ತಂತಿಯ ಸೆಂಡರ್ ತನ್ನ ಮೈಯ ಮೂಲಕವೇ ಅರ್ತ್ ಪಡೆಯುವುದರಿಂದ, ಬಣ್ಣ ಬಳಿದ ಫೈರ್‌ವಾಲಿಗೆ ಬಿಗಿದರೆ ಮುಳ್ಳು ತಪ್ಪು ಹೇಳುತ್ತದೆ. ಅದರ ಮೈಗೆ ಪ್ರತ್ಯೇಕ ಅರ್ತ್ ವೈರ್ ಕೊಡಲೇಬೇಕು. ಸ್ವಿಚ್ಚಿನದೂ ಇದೇ ಕಥೆ. ಟೆಫ್ಲಾನ್ ಟೇಪನ್ನು ಮಿತವಾಗಿ, ಮೊದಲ ಸುತ್ತನ್ನು ಬಿಟ್ಟು ಸುತ್ತಬೇಕು, ಇಲ್ಲವಾದರೆ ಅದರ ಚೂರು ಹೋಸಿನ ಬಾಯಿಗೆ ಸೇರುತ್ತದೆ. ಎಂಜಿನ್ ತನ್ನ ಮೌಂಟುಗಳ ಮೇಲೆ ಹೊರಳುವುದರಿಂದ ಹೋಸಿಗೆ ಸ್ವಲ್ಪ ಸಡಿಲ ಬೇಕು, ಎಗ್ಸಾಸ್ಟಿನಿಂದ ದೂರವೂ ಇರಬೇಕು. ಹೆಣಿಗೆಯ ಉಕ್ಕು ಉಜ್ಜಿದ್ದನ್ನೆಲ್ಲ ಗರಗಸದಂತೆ ಕೊರೆಯುವುದರಿಂದ, ವೈರಿಂಗ್ ಹತ್ತಿರ ಹಾದುಹೋಗುವ ಕಡೆ ರಬ್ಬರ್ ತೋಳು ತೊಡಿಸಿದ್ದೇನೆ. ಬ್ಲಾಕಿನ ಕಡೆಯ ಫಿಟಿಂಗಿನಲ್ಲಿ ಸಣ್ಣ ರಂಧ್ರದ ತಡೆಯನ್ನೂ ಹಾಕಿಸಿದ್ದೇನೆ: ಮುಳ್ಳಿನ ನಡುಕ ನಿಂತಿತು, ಹೋಸ್ ಎಂದಾದರೂ ಒಡೆದರೂ ಆಯಿಲ್ ನಿಧಾನವಾಗಿ ಹೋಗುವುದರಿಂದ ಗಾಡಿಯನ್ನು ಬದಿಗೆ ತೆಗೆದುಕೊಂಡು ಎಂಜಿನ್ ಆರಿಸಲು ಸಮಯ ಸಿಗುತ್ತದೆ.