ಹೊಟ್ಟೆಯಲ್ಲಿ ಮಗು ಇಟ್ಟುಕೊಂಡು ಅಂಡಮಾನ್ ಹನಿಮೂನ್ ಬುಕ್ ಮಾಡುವ ಮುಂಚೆ ಇದನ್ನು ಓದಿ

ನನ್ನ ರಕ್ತದ ಗುಂಪು ಓ ನೆಗೆಟಿವ್, ನನ್ನ ಗಂಡನದು ಓ ಪಾಸಿಟಿವ್. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಎರಡು ರಾತ್ರಿ ನಮ್ಮಿಬ್ಬರ ಜೀವ ಬಾಯಿಗೆ ಬಂದಿದ್ದಕ್ಕೆ ಇದೇ ದೊಡ್ಡ ಕಾರಣ. ಹೊರಡುವ ಮುಂಚೆ ಇದರ ಬಗ್ಗೆ ಒಂದು ಕ್ಷಣವೂ ನಾವು ಯೋಚನೆ ಮಾಡಿರಲಿಲ್ಲ.

ನಮ್ಮ ಮದುವೆಯಾಗಿದ್ದು ಡಿಸೆಂಬರ್‌ನಲ್ಲಿ. ಮದುವೆಯಾದ ವಾರಕ್ಕೇ ಮಾವನವರಿಗೆ ಬೈಪಾಸ್ ಆಯಿತು. ಹನಿಮೂನ್ ಮುಂದಕ್ಕೆ ಹೋಯಿತು. ಆಮೇಲೆ ಇವರಿಗೆ ರಜೆ ಸಿಗಲಿಲ್ಲ. ಅಷ್ಟರಲ್ಲಿ ನಾನು ಬಸುರಿಯಾದೆ. "ಮಗು ಬಂದಮೇಲೆ ಎಲ್ಲಿಗೂ ಹೋಗೋಕಾಗಲ್ಲ, ಈಗಲೇ ಹೋಗಿಬನ್ನಿ" ಅಂತ ಸ್ನೇಹಿತರೆಲ್ಲ ಹೇಳಿದರು. ನಮಗೂ ಅದೇ ಆಸೆ. ಓಡಾಟ ಬೇಡ, ಸುಮ್ನೆ ಸಮುದ್ರದ ಮುಂದೆ ಕೂತು, ಉಂಡು, ಮಲಗಿ ಬರೋಣ ಅಂತ. ಬೆಂಗಳೂರಿನಿಂದ ಪೋರ್ಟ್ ಬ್ಲೇರ್‌ಗೆ (ಈಗಿನ ಹೆಸರು ಶ್ರೀ ವಿಜಯಪುರಂ) ನೇರ ವಿಮಾನ ಇದೆ, ಎರಡೂವರೆ ಗಂಟೆ. ಪಾಸ್‌ಪೋರ್ಟ್ ಬೇಡ, ವೀಸಾ ಬೇಡ. ಐದು ತಿಂಗಳ ಬಸುರಿಗೆ ಇದಕ್ಕಿಂತ ಸುಲಭದ ದ್ವೀಪ ಯಾವುದಿದೆ ಅಂದುಕೊಂಡೆವು.

ಟ್ರಾವೆಲ್ ಏಜೆಂಟ್ ಹತ್ತಿರ ನಾನೇ ಕೂತು ಮಾತಾಡಿದೆ. ಬಸುರಿ ಅಂತ ಮೊದಲೇ ಹೇಳಿದೆ. "ಏನೂ ತೊಂದರೆ ಇಲ್ಲ ಮೇಡಂ, ನಮ್ಮಲ್ಲಿ ಎಷ್ಟೋ ಜನ ಹೋಗಿಬಂದಿದ್ದಾರೆ. ರೆಸಾರ್ಟ್‌ನಲ್ಲಿ ಡಾಕ್ಟರ್ ಆನ್ ಕಾಲ್ ಇದಾರೆ. ಇನ್ಶೂರೆನ್ಸ್ ಕೂಡ ಹಾಕಿಕೊಡ್ತೀನಿ" ಅಂದರು. ಮೇ ಕೊನೆಯ ವಾರಕ್ಕೆ ಒಳ್ಳೆ ರಿಯಾಯಿತಿ ಇತ್ತು. ಮಳೆ ಬರಲ್ವಾ ಅಂತ ಕೇಳಿದ್ದಕ್ಕೆ "ಮಳೆ ಜೂನ್‌ನಲ್ಲಿ ತಾನೇ ಮೇಡಂ" ಅಂದರು.

ದಯವಿಟ್ಟು ಇದನ್ನು ನೆನಪಿಟ್ಟುಕೊಳ್ಳಿ. ಮುಂಗಾರು ಕೇರಳಕ್ಕೆ ಬರುವುದು ಜೂನ್ 1ರ ಸುಮಾರಿಗೆ. ಆದರೆ ಅಂಡಮಾನ್‌ಗೆ ಅದು ಹತ್ತು ಹನ್ನೆರಡು ದಿನ ಮುಂಚೆಯೇ ಬರುತ್ತದೆ. ಅಂದರೆ ಮೇ ಇಪ್ಪತ್ತರ ಆಸುಪಾಸಿಗೆ ಅಲ್ಲಿ ಗಾಳಿ ಮಳೆ ಶುರು, ಸಮುದ್ರ ಒರಟಾಗುತ್ತದೆ. ರಿಯಾಯಿತಿ ಕೊಡುವುದೂ ಅದಕ್ಕೇ. ನಾವು ಹೊರಟಿದ್ದು ಮೇ 22ಕ್ಕೆ.

ನಮ್ಮ ತಪ್ಪೂ ಇತ್ತು, ಅದನ್ನೂ ಹೇಳಬೇಕು. ನನ್ನ ಡಾಕ್ಟರಿಗೆ ಫೋನ್ ಮಾಡಿ "ಫ್ಲೈಟ್‌ನಲ್ಲಿ ಹೋಗಬಹುದಾ ಮೇಡಂ?" ಅಂತ ಮಾತ್ರ ಕೇಳಿದೆ. ಹೋಗಬಹುದು ಅಂದರು. ಆಮೇಲೆ ದೋಣಿ ಇದೆ, ದೂರದ ರಸ್ತೆ ಪ್ರಯಾಣ ಇದೆ, ಕೊನೆಗೆ ಇರುವುದು ಒಂದು ಚಿಕ್ಕ ದ್ವೀಪದಲ್ಲಿ ಅಂತ ನಾನು ಹೇಳಲೇ ಇಲ್ಲ. ಐದನೇ ತಿಂಗಳ ದೊಡ್ಡ ಸ್ಕ್ಯಾನ್ ಮೇ 24ಕ್ಕೆ ಇತ್ತು. ವಾಪಸ್ ಬಂದಮೇಲೆ ಮಾಡಿಸೋಣ ಅಂತ ಮುಂದಕ್ಕೆ ಹಾಕಿದೆವು. ಈಗ ಬರೆಯುವಾಗಲೂ ಇದಕ್ಕೆ ಹೊಟ್ಟೆ ಉರಿಯುತ್ತದೆ.

ಅಜ್ಜಿ ಮಾತ್ರ ಬೇಡ ಅಂದಿದ್ದರು. ಅವರ ಊರು ತೀರ್ಥಹಳ್ಳಿ ಹತ್ತಿರ, ತುಂಗೆಯ ದಡ. "ಬಸುರಿ ಹೆಂಗಸು ಹೊಳೆ ದಾಟಬಾರದು ಕಣೇ, ನೀನು ಸಮುದ್ರ ದಾಟ್ತೀನಿ ಅಂತೀಯಲ್ಲ" ಅಂದರು. ಹಳೇ ಕಾಲದ ಮಾತು ಅಂತ ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮೊದಲ ದಿನ ಚೆನ್ನಾಗಿತ್ತು. ಸೆಲ್ಯುಲಾರ್ ಜೈಲು ನೋಡಿದೆವು. ವಿಮಾನದಲ್ಲೂ ಏನೂ ತೊಂದರೆ ಆಗಿರಲಿಲ್ಲ. ಎರಡನೇ ದಿನ ಪ್ಯಾಕೇಜಿನಲ್ಲಿ ಬಾರಾಟಾಂಗ್ ಇತ್ತು, ಸುಣ್ಣದ ಕಲ್ಲಿನ ಗುಹೆ. ಬಸುರಿಯರು ಇದನ್ನು ಪಟ್ಟಿಯಿಂದ ತೆಗೆಸಿಬಿಡಿ. ನಸುಕಿಗೇ ಎದ್ದು ಹೊರಡಬೇಕು. ಜಿರ್ಕಾಟಾಂಗ್ ಚೆಕ್‌ಪೋಸ್ಟ್‌ನಲ್ಲಿ ಗಾಡಿಗಳನ್ನೆಲ್ಲ ಸಾಲಾಗಿ ನಿಲ್ಲಿಸಿ, ಹೊತ್ತಿಗೆ ಸರಿಯಾಗಿ ಒಟ್ಟಿಗೆ ಬಿಡುತ್ತಾರೆ. ಅಲ್ಲಿಂದ ಮುಂದೆ ಜಾರವಾ ಆದಿವಾಸಿಗಳ ಮೀಸಲು ಕಾಡು. ಅವರನ್ನು ಕಾಪಾಡಲು ಮಾಡಿರುವ ನಿಯಮ ಅದು, ಸರಿಯಾದ ನಿಯಮವೇ. ಮಧ್ಯೆ ಎಲ್ಲೂ ಗಾಡಿ ನಿಲ್ಲಿಸುವ ಹಾಗಿಲ್ಲ. ಆದರೆ ಐದು ತಿಂಗಳ ಬಸುರಿಗೆ ಗಂಟೆಗೊಮ್ಮೆ ಬಾತ್‌ರೂಮ್ ಬೇಕು. ಕುಲುಕುವ ರಸ್ತೆಯಲ್ಲಿ ಹೊಟ್ಟೆ ಹಿಡಿದುಕೊಂಡು, ಹಲ್ಲು ಕಚ್ಚಿ ಕೂತಿದ್ದೆ. ನೀರು ಕುಡಿಯುವುದನ್ನೇ ಬಿಟ್ಟೆ, ಅದೂ ತಪ್ಪು. ಆಮೇಲೆ ದೋಣಿ, ಆಮೇಲೆ ನಡಿಗೆ, ಮತ್ತೆ ಅದೇ ದಾರಿಯಲ್ಲಿ ವಾಪಸ್. ಇದನ್ನು ಆರಾಮದ ಹನಿಮೂನ್ ಅಂತ ಮಾರಿದ್ದರು.

ಮೂರನೇ ದಿನ ಹ್ಯಾವ್ಲಾಕ್‌ಗೆ ದೋಣಿ. ಅದಕ್ಕೆ ಈಗ ಸ್ವರಾಜ್ ದ್ವೀಪ ಅಂತ ಹೆಸರು, ಆದರೆ ಎಲ್ಲರೂ ಹೇಳುವುದು ಹ್ಯಾವ್ಲಾಕ್ ಅಂತಲೇ. ಸುಮಾರು ಎರಡು ಗಂಟೆ ಪ್ರಯಾಣ. ಮುಚ್ಚಿದ ಏಸಿ ಕ್ಯಾಬಿನ್. ಹೊರಗೆ ಹೋಗಿ ಗಾಳಿಗೆ ನಿಲ್ಲೋಣ ಅಂದರೆ ಬಿಡಲಿಲ್ಲ. ಅರ್ಧ ಗಂಟೆಯಲ್ಲಿ ದೋಣಿ ಎದ್ದು ಎದ್ದು ಬೀಳೋಕೆ ಶುರುವಾಯಿತು. ವಾಂತಿ ಅಂದರೆ ಅದೆಂಥ ವಾಂತಿ. ಡಾಕ್ಟರ್ ಕೊಟ್ಟಿದ್ದ ವಾಂತಿ ಮಾತ್ರೆ ಸೂಟ್‌ಕೇಸಿನಲ್ಲಿತ್ತು. ಸೂಟ್‌ಕೇಸನ್ನು ಹತ್ತುವಾಗಲೇ ಲಗೇಜ್ ಜಾಗಕ್ಕೆ ತೆಗೆದುಕೊಂಡಿದ್ದರು. ಇಳಿಯುವ ಹೊತ್ತಿಗೆ ಎದ್ದು ನಿಲ್ಲೋಕೂ ಶಕ್ತಿ ಇರಲಿಲ್ಲ. ಮಾತ್ರೆ, ಓಆರ್‌ಎಸ್ ಪುಡಿ, ನೀರು, ಆಸ್ಪತ್ರೆ ಕಾಗದ, ಇಷ್ಟನ್ನು ಯಾವಾಗಲೂ ಕೈಚೀಲದಲ್ಲೇ ಇಟ್ಟುಕೊಳ್ಳಿ.

ಮರುದಿನ ಬೆಳಿಗ್ಗೆ ಪ್ಯಾಕೇಜಿನ "ಉಚಿತ ಸ್ಕೂಬಾ"ಕ್ಕೆ ಕರೆದುಕೊಂಡು ಹೋಗೋಕೆ ಬಂದರು. ಬಸುರಿಯರು ಸ್ಕೂಬಾ ಮಾಡಲೇಬಾರದು. ನೀರಿನ ಒತ್ತಡದಿಂದ ಮೇಲೆ ಬರುವಾಗ ರಕ್ತದಲ್ಲಿ ಗಾಳಿಗುಳ್ಳೆ ಆಗಬಹುದು, ಹೊಟ್ಟೆಯೊಳಗಿನ ಮಗುವಿಗೆ ಅದರಿಂದ ಅಪಾಯ. ನಾನು ಆಗಲ್ಲ ಅಂದೆ. ಏಜೆಂಟ್‌ಗೆ ಫೋನ್ ಹೋಯಿತು. ಅವರು ನನಗೆ ಹೇಳಿದ್ದು, "ಫಾರಂನಲ್ಲಿ ಪ್ರೆಗ್ನೆಂಟ್ ಅಂತ ಬರೀಬೇಡಿ ಮೇಡಂ, ಹತ್ತು ನಿಮಿಷ ಅಷ್ಟೇ." ನಾನು ಫೋನ್ ಇಟ್ಟುಬಿಟ್ಟೆ. ಗೊತ್ತಿಲ್ಲದೆ ಯಾರೋ ಒಬ್ಬಳು ಇಂಥವರ ಮಾತು ನಂಬಿ ಆ ಫಾರಂಗೆ ಸಹಿ ಹಾಕಿದರೆ? ನನಗೆ ಇಡೀ ಪ್ರವಾಸದಲ್ಲಿ ಅತಿ ಜಾಸ್ತಿ ಕೋಪ ಬಂದಿದ್ದು ಈ ಮಾತಿಗೆ.

ಆ ಸಂಜೆ ರಾಧಾನಗರ ಬೀಚ್‌ಗೆ ಹೋದೆವು. ಮಳೆ ಒಂದೆರಡು ಗಂಟೆ ಬಿಡುವು ಕೊಟ್ಟಿತ್ತು. ಬಿಳಿ ಮರಳು, ಹಿಂದೆ ಎತ್ತರದ ಮರಗಳು, ಎದುರಿಗೆ ಬೂದು ಬಣ್ಣದ ಸಮುದ್ರ. ಅಲ್ಲಿ ಸಂಜೆ ಬೇಗ ಕತ್ತಲಾಗುತ್ತದೆ, ಆರು ಗಂಟೆ ಒಳಗೇ ಸೂರ್ಯ ಮುಳುಗಿರುತ್ತಾನೆ. ನಾವು ಕೈ ಕೈ ಹಿಡಿದು ಕೂತಿದ್ದೆವು. ಅಲ್ಲೇ ಮೊದಲ ಸಲ ಮಗು ಒಳಗೆ ಮೆಲ್ಲಗೆ ಮಿಸುಕಾಡಿದ ಹಾಗಾಯಿತು. ಇವರ ಕೈ ತೆಗೆದು ಹೊಟ್ಟೆಯ ಮೇಲೆ ಇಟ್ಟುಕೊಂಡೆ. ಆ ಒಂದು ಗಂಟೆಯನ್ನು ನಾನು ಯಾವತ್ತೂ ಮರೆಯಲ್ಲ.

ರಾತ್ರಿ ಹನ್ನೊಂದೂವರೆಗೆ ಎದ್ದಾಗ ಹಾಸಿಗೆಯಲ್ಲಿ ರಕ್ತ ಇತ್ತು.

"ರೀ, ಏಳ್ರೀ" ಅಂದಿದ್ದಷ್ಟೇ ನೆನಪು. ಇವರು "ಡಾಕ್ಟರ್ ಆನ್ ಕಾಲ್" ನಂಬರಿಗೆ ಏಳೆಂಟು ಸಲ ಫೋನ್ ಮಾಡಿದರು. ರಿಂಗ್ ಆಗಿ ಆಗಿ ನಿಂತಿತು. ರಿಸೆಪ್ಷನ್‌ನಲ್ಲಿದ್ದ ಹುಡುಗ ಮಳೆಯಲ್ಲೇ ಓಡಿಹೋಗಿ ಪಕ್ಕದವರ ಜೀಪ್ ತಂದ. ಅವನನ್ನು ದೇವರು ಚೆನ್ನಾಗಿ ಇಟ್ಟಿರಲಿ. ದ್ವೀಪದ ಚಿಕ್ಕ ಸರ್ಕಾರಿ ಆಸ್ಪತ್ರೆಯಲ್ಲಿ ಒಬ್ಬ ಯುವ ಡಾಕ್ಟರ್, ಒಬ್ಬ ಬಂಗಾಳಿ ನರ್ಸ್ ಇದ್ದರು. ಇಬ್ಬರೂ ಬಂಗಾರದಂಥವರು. ಪುಟ್ಟ ಡಾಪ್ಲರ್ ಮೆಷಿನ್ ಹೊಟ್ಟೆಯ ಮೇಲಿಟ್ಟು ಹುಡುಕಿ ಹುಡುಕಿ, ಕೊನೆಗೆ ಮಗುವಿನ ಎದೆಬಡಿತ ಕೇಳಿಸಿದರು. ನಾನು ಅತ್ತುಬಿಟ್ಟೆ.

ಆಮೇಲೆ ಡಾಕ್ಟರ್ ಕೇಳಿದ ಪ್ರಶ್ನೆಗಳಿಗೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಸ್ಕ್ಯಾನ್ ರಿಪೋರ್ಟ್ ಎಲ್ಲಿ? ಮಾಡಿಸಿಲ್ಲ. ಪ್ಲಾಸೆಂಟಾ, ಅಂದರೆ ನಮ್ಮಲ್ಲಿ ಮಾಸು ಅಂತಾರಲ್ಲ, ಅದು ಮೇಲಿದೆಯೋ ಕೆಳಗಿದೆಯೋ? ಗೊತ್ತಿಲ್ಲ. ಮಾಸು ಕೆಳಗಿದ್ದರೆ ಒಳಗೆ ಕೈ ಹಾಕಿ ಪರೀಕ್ಷೆ ಮಾಡಿದರೆ ರಕ್ತಸ್ರಾವ ಜಾಸ್ತಿಯಾಗುತ್ತದಂತೆ. ಅದಕ್ಕೇ ಅವರು ಮುಟ್ಟಲಿಲ್ಲ. ಆ ರಾತ್ರಿ ಅಲ್ಲಿ ಸ್ಕ್ಯಾನ್ ಮಾಡುವವರೂ ಇರಲಿಲ್ಲ. ರಕ್ತದ ಗುಂಪು? ತಾಯಿ ಕಾರ್ಡ್ ಮನೆಯಲ್ಲಿತ್ತು, ಆದರೆ ಇದೊಂದು ಬಾಯಲ್ಲಿತ್ತು. ಓ ನೆಗೆಟಿವ್ ಅಂದ ತಕ್ಷಣ ಅವರ ಮುಖ ಬದಲಾಯಿತು.

ತಾಯಿ ನೆಗೆಟಿವ್, ತಂದೆ ಪಾಸಿಟಿವ್ ಆದರೆ ಮಗು ಪಾಸಿಟಿವ್ ಆಗಿರಬಹುದು. ಹೀಗೆ ರಕ್ತ ಹೋದಾಗ ಮಗುವಿನ ರಕ್ತ ಸ್ವಲ್ಪ ತಾಯಿಯ ರಕ್ತಕ್ಕೆ ಸೇರಬಹುದು. ಆಗ ತಾಯಿಯ ದೇಹ ಅದನ್ನು ಶತ್ರು ಅಂದುಕೊಂಡು ಅದರ ವಿರುದ್ಧ ತಯಾರಾಗುತ್ತದೆ. ಹೆಚ್ಚಾಗಿ ಮುಂದಿನ ಮಗುವಿಗೆ ಅದರಿಂದ ಕಷ್ಟ. ಇದನ್ನು ತಡೆಯಲು ಆಂಟಿ-ಡಿ ಅನ್ನುವ ಇಂಜೆಕ್ಷನ್ ಇದೆ. 72 ಗಂಟೆ ಒಳಗೆ ಕೊಡಬೇಕು. ಫ್ರಿಜ್‌ನಲ್ಲಿ ಇಡಬೇಕಾದ ಔಷಧ, ಎಲ್ಲ ಕಡೆ ಸಿಗಲ್ಲ. "ಪೋರ್ಟ್ ಬ್ಲೇರ್‌ಗೆ ಹೋಗಲೇಬೇಕು" ಅಂದರು ಡಾಕ್ಟರ್.

ಬೆಳಗಾಯಿತು. ಬಿರುಗಾಳಿಗೆ ಆ ದಿನದ ದೋಣಿಗಳೆಲ್ಲ ರದ್ದಾದವು. ದ್ವೀಪದಿಂದ ಹೆಲಿಕಾಪ್ಟರ್ ಇದೆ, ಆದರೆ ಆ ಗಾಳಿಯಲ್ಲಿ ಅದೂ ಬರಲಿಲ್ಲ. ಇವರು ಗಂಟೆಗೊಮ್ಮೆ ಜೆಟ್ಟಿಗೆ ಹೋಗಿ ಕೇಳಿಕೊಂಡು, ನೆನೆದು ವಾಪಸ್ ಬರುತ್ತಿದ್ದರು. ನಾನು ಎಡಮಗ್ಗುಲಿಗೆ ಮಲಗಿ, ತಗಡಿನ ಮೇಲೆ ಮಳೆ ಬಡಿಯುವುದನ್ನು ಕೇಳುತ್ತಾ ಗಂಟೆ ಎಣಿಸುತ್ತಿದ್ದೆ. ಹನ್ನೆರಡು. ಹದಿನೆಂಟು. ಇಪ್ಪತ್ತನಾಲ್ಕು. ಅಜ್ಜಿಯ ಮಾತು ಆಗ ಅರ್ಥವಾಯಿತು. ಮಳೆಗಾಲದಲ್ಲಿ ತುಂಗೆ ತುಂಬಿ ಹರಿದರೆ ದೋಣಿ ನಿಲ್ಲುತ್ತಿತ್ತು. ಸೂಲಗಿತ್ತಿ ಆಚೆ ದಡದಲ್ಲಿ, ಬಸುರಿ ಈಚೆ ದಡದಲ್ಲಿ. ಅಜ್ಜಿ ಅದನ್ನು ಕಣ್ಣಾರೆ ಕಂಡವರು.

ಎರಡನೇ ದಿನ ಮಧ್ಯಾಹ್ನ ಗಾಳಿ ತಗ್ಗಿತು. ಒಂದು ದೋಣಿ ಬಿಟ್ಟರು. ಡಾಕ್ಟರ್ ಚೀಟಿ ತೋರಿಸಿದ್ದಕ್ಕೆ ನಮ್ಮನ್ನು ಮೊದಲು ಹತ್ತಿಸಿದರು, ಮಲಗೋಕೆ ಜಾಗ ಮಾಡಿಕೊಟ್ಟರು. ಪೋರ್ಟ್ ಬ್ಲೇರ್‌ನ ದೊಡ್ಡ ಸರ್ಕಾರಿ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಚುಚ್ಚುವ ಹೊತ್ತಿಗೆ 43 ಗಂಟೆ ಆಗಿತ್ತು. ಸ್ಕ್ಯಾನ್‌ನಲ್ಲಿ ಮಾಸು ಕೆಳಗಿದೆ ಅಂತ ಗೊತ್ತಾಯಿತು. ಮಗು ಚೆನ್ನಾಗಿತ್ತು.

ದೋಣಿಯ ಕುಲುಕಾಟದಿಂದಲೇ ಹೀಗಾಯಿತಾ ಅಂತ ಡಾಕ್ಟರಮ್ಮನನ್ನು ಕೇಳಿದೆ. "ಹಾಗೆ ಹೇಳೋಕಾಗಲ್ಲ. ನೀವು ಮನೆಯಲ್ಲಿ ಮಲಗಿದ್ದರೂ ಆಗಬಹುದಿತ್ತು" ಅಂದರು. ನಾನು ನಿಮಗೆ ಹೇಳಬೇಕು ಅಂತಿರುವುದೂ ಇದನ್ನೇ. ಮನೆಯಲ್ಲೂ ಆಗಬಹುದಿತ್ತು. ಆದರೆ ಬಸವನಗುಡಿಯ ನಮ್ಮ ಮನೆಯಿಂದ ಆಸ್ಪತ್ರೆಗೆ ಆಟೋದಲ್ಲಿ ಹದಿನೈದು ನಿಮಿಷ. ಅಲ್ಲಿ 43 ಗಂಟೆ. ರಕ್ತ ಇನ್ನೂ ಜಾಸ್ತಿ ಹೋಗಿದ್ದರೆ, ಓ ನೆಗೆಟಿವ್ ರಕ್ತ ಬೇಕಾಗಿದ್ದರೆ ಏನು ಗತಿ ಅಂತ ಈಗಲೂ ರಾತ್ರಿ ಎಚ್ಚರವಾಗುತ್ತದೆ.

ಹಣದ ವಿಚಾರ ಬೇಗ ಮುಗಿಸುತ್ತೇನೆ. ಪ್ಯಾಕೇಜ್‌ಗೆ 74,000 ಕೊಟ್ಟಿದ್ದೆವು. ವಿಮಾನ ತಪ್ಪಿತು. ಪೋರ್ಟ್ ಬ್ಲೇರ್‌ನಲ್ಲಿ ಇನ್ನೂ ಆರು ದಿನ ಇರಬೇಕಾಯಿತು. ಹೊಸ ಟಿಕೆಟ್, ರೂಮು ಎಲ್ಲ ಸೇರಿ ಮತ್ತೆ 60,000 ದಾಟಿತು. ಏಜೆಂಟ್ ಒಂದು ರೂಪಾಯಿ ವಾಪಸ್ ಕೊಡಲಿಲ್ಲ. ಇನ್ಶೂರೆನ್ಸ್‌ನವರು ಷರತ್ತಿನ ಪುಟ ತೋರಿಸಿದರು. ಬಸಿರಿಗೆ ಸಂಬಂಧಿಸಿದ ಯಾವ ಖರ್ಚೂ ಅದರಲ್ಲಿ ಸೇರುವುದಿಲ್ಲ ಅಂತ ಅಚ್ಚಾಗಿತ್ತು. ಬಹಳಷ್ಟು ಪ್ರವಾಸ ವಿಮೆಗಳಲ್ಲಿ ಈ ಷರತ್ತು ಇರುತ್ತದೆ. ದುಡ್ಡು ಕಟ್ಟುವ ಮುಂಚೆ ಆ ಪುಟ ಹುಡುಕಿ ಓದಿ.

ಮಾಲ್ಡೀವ್ಸ್ ಆದರೆ ಪರವಾಗಿಲ್ವಾ ಅಂತ ಕೆಲವರು ಕೇಳುತ್ತಾರೆ. ಅಲ್ಲೂ ಒಂದೊಂದು ರೆಸಾರ್ಟ್ ಒಂದೊಂದು ದ್ವೀಪ. ದೂರದ ರೆಸಾರ್ಟ್‌ಗಳಿಗೆ ಹೋಗುವ ಸೀಪ್ಲೇನ್ ಹಗಲು ಹೊತ್ತು ಮಾತ್ರ ಹಾರುತ್ತದೆ. ದೊಡ್ಡ ಆಸ್ಪತ್ರೆಗೆ ಹೆಚ್ಚಾಗಿ ರಾಜಧಾನಿ ಮಾಲೆಗೇ ಬರಬೇಕು. ಜೊತೆಗೆ ಬಸುರಿಯರು ಝಿಕಾ ಸೊಳ್ಳೆ ಜ್ವರದ ಬಗ್ಗೆ ತಮ್ಮ ಡಾಕ್ಟರನ್ನು ಕೇಳಲೇಬೇಕು, ಅದು ಮಗುವಿನ ಮಿದುಳಿಗೆ ಹಾನಿ ಮಾಡಬಲ್ಲದು. ಎಲ್ಲಿಗೇ ಹೋಗಿ, ಏಜೆಂಟ್‌ಗೆ ಈ ಒಂದು ಪ್ರಶ್ನೆ ಹಾಕಿ: ರಾತ್ರಿ ಹನ್ನೆರಡಕ್ಕೆ, ಮಳೆಯಲ್ಲಿ, ನನ್ನನ್ನು ಹೆರಿಗೆ ಡಾಕ್ಟರ್ ಇರುವ ಆಸ್ಪತ್ರೆಗೆ ಹೇಗೆ ಕರೆದುಕೊಂಡು ಹೋಗ್ತೀರಿ? ಉತ್ತರ ತಡವರಿಸಿದರೆ ಆ ಜಾಗ ಬಿಡಿ.

ಮಗಳಿಗೆ ಈಗ ನಾಲ್ಕು ತಿಂಗಳು. ಎಂಟನೇ ತಿಂಗಳ ಸ್ಕ್ಯಾನ್ ಹೊತ್ತಿಗೆ ಮಾಸು ತಾನಾಗಿ ಮೇಲಕ್ಕೆ ಸರಿದಿತ್ತು. ಹೆಚ್ಚಿನವರಿಗೆ ಹಾಗೇ ಸರಿಯುತ್ತದಂತೆ.

ಕಳೆದ ವಾರ ಆಫೀಸಿನ ಹುಡುಗಿಯೊಬ್ಬಳು ಫೋನ್ ಮಾಡಿದ್ದಳು. ಅವಳಿಗೆ ನಾಲ್ಕು ತಿಂಗಳು, ಹ್ಯಾವ್ಲಾಕ್ ಅಂತಲೇ ಆಸೆ. ನಾನು ಎಲ್ಲ ಹೇಳಿದೆ. "ಹಾಗಾದ್ರೆ ಸಮುದ್ರವೇ ಬೇಡ್ವಾ ಅಕ್ಕಾ?" ಅಂದಳು. ಬೇಕು ಅಂದೆ. ಐದನೇ ತಿಂಗಳ ಸ್ಕ್ಯಾನ್ ಮುಗಿಸಿಕೋ, ರಿಪೋರ್ಟ್ ಡಾಕ್ಟರಿಗೆ ತೋರಿಸು, ಅವರು ಹೂಂ ಅಂದರೆ ಮಲ್ಪೆಗೆ ಹೋಗು ಅಂದೆ. ಕಡಲ ಎದುರಿಗೇ ರೂಮು ಸಿಗುತ್ತದೆ. ಮಣಿಪಾಲದ ಆಸ್ಪತ್ರೆ ಹತ್ತು ಹನ್ನೊಂದು ಕಿಲೋಮೀಟರ್, ಮಧ್ಯೆ ನೀರಿಲ್ಲ. ಸ್ಕ್ಯಾನ್ ತಾರೀಖು ಪ್ರವಾಸಕ್ಕಿಂತ ಮುಂಚೆಗೆ ಹಾಕಿಸಿಕೊಂಡೆ ಅಂತ ನಿನ್ನೆ ಮೆಸೇಜ್ ಮಾಡಿದ್ದಾಳೆ.