ನಾಟಿ ಕೋಳಿ ಶೆಡ್ಡಿಗೆ ಫಾಗರ್ ಕಿಟ್: ಎರಡು ಬೇಸಿಗೆ ಬಳಸಿ ನೋಡಿದ್ದು

ನಮ್ಮದು ಮಂಡ್ಯದ ಹತ್ತಿರ, ವಿಶ್ವೇಶ್ವರಯ್ಯ ನಾಲೆ ಬಯಲು. ಸುತ್ತ ಗದ್ದೆ, ಹಿತ್ತಲಲ್ಲಿ ತಗಡಿನ ಶೆಡ್, ಅದರಲ್ಲಿ 60 ನಾಟಿ ಕೋಳಿ. ಹೋದ ವರ್ಷ ಮೈಸೂರಿನ ಒಂದು ಅಂಗಡಿಯಿಂದ ನೀರು ಮಂಜಿನ ಹಾಗೆ ಚಿಮ್ಮಿಸುವ ಫಾಗರ್ ಕಿಟ್ ತಂದೆ. ಚಿಕ್ಕ ಮೋಟಾರ್, ಪೈಪು, 6 ನಾಝಲ್ ಎಲ್ಲ ಸೇರಿ 2,800 ರೂಪಾಯಿ. ಬೇಸಿಗೆ ಮುಗಿಯೋವರೆಗೂ ಬೆಳಗ್ಗೆಯಿಂದ ಸಂಜೆ ತನಕ ಹಾಕಿಬಿಡಿ ಅಂದರು. ಹಾಗೇ ಮಾಡಿದೆ.

ಏಪ್ರಿಲ್‌ನ ಒಣ ಬಿಸಿಲಲ್ಲಿ ಕಿಟ್ ನಿಜಕ್ಕೂ ಚೆನ್ನಾಗಿತ್ತು. ಮಧ್ಯಾಹ್ನ ಎರಡು ಗಂಟೆಗೆ ಬಾಯಿ ಬಿಟ್ಟು ರೆಕ್ಕೆ ಇಳಿಬಿಟ್ಟು ನಿಲ್ಲುತ್ತಿದ್ದ ಕೋಳಿಗಳು ಹತ್ತೇ ನಿಮಿಷಕ್ಕೆ ಸರಿಯಾಗಿ ಮೇವಿಗೆ ಬರುತ್ತಿದ್ದವು. ಆಮೇಲೆ ಭರಣಿ ಮಳೆ ಬಿತ್ತು. ಬಿಸಿಲು ಕಡಿಮೆಯಾಯಿತು, ಆದರೆ ಒಂದು ಎಲೆ ಅಲ್ಲಾಡದ ಹಾಗೆ ಸೆಕೆ. ನಾನು ಫಾಗರ್ ನಿಲ್ಲಿಸಲಿಲ್ಲ. ಒಂದೇ ಸಂಜೆ 3 ಕೋಳಿ ಸತ್ತವು, ಮೂರೂ ಮೊಟ್ಟೆ ಇಡುತ್ತಿದ್ದವು. ಈಗಲೂ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ಕೋಳಿಗೆ ನಮ್ಮ ಹಾಗೆ ಬೆವರಿಲ್ಲ. ಅದರ ಮೈ ಬಿಸಿಯೇ 41 ಡಿಗ್ರಿ ಆಸುಪಾಸು. ಸೆಕೆ ಜಾಸ್ತಿಯಾದರೆ ತೇಕುತ್ತದೆ, ಆ ಉಸಿರಿನ ತೇವ ಗಾಳಿಯಲ್ಲಿ ಆರಬೇಕು, ಆಗಲೇ ಮೈ ತಣಿಯುವುದು. ಗಾಳಿಯಲ್ಲೇ ನೀರು ತುಂಬಿದ್ದರೆ ಎಷ್ಟು ತೇಕಿದರೂ ಪ್ರಯೋಜನವಿಲ್ಲ. ಅಂಥ ಹೊತ್ತಲ್ಲಿ ನಾನು ಇನ್ನಷ್ಟು ನೀರು ಚಿಮ್ಮಿಸುತ್ತಿದ್ದೆ! ನೆಲಕ್ಕೆ ಹಾಸಿದ ಭತ್ತದ ಹೊಟ್ಟೂ ಒದ್ದೆಯಾಗಿ ಗಟ್ಟಿ ಕಟ್ಟಿತ್ತು. "ಒಳಗೋದ್ರೆ ಕಣ್ಣುರೀತದೆ ಕಣ್ಲಾ" ಅಂತ ನಮ್ಮವ್ವ ಎರಡು ದಿನದಿಂದ ಹೇಳುತ್ತಿದ್ದರು. ಅದು ಒದ್ದೆ ಹಿಕ್ಕೆಯಿಂದ ಏಳುವ ಅಮೋನಿಯಾ. ನಮಗೇ ಕಣ್ಣು ಉರಿದರೆ ನೆಲದ ಹತ್ತಿರವೇ ಇಡೀ ದಿನ ಉಸಿರಾಡುವ ಕೋಳಿಗೆ ಎಷ್ಟಿರಬೇಡ?

ಆಮೇಲೆ 350 ರೂಪಾಯಿ ಕೊಟ್ಟು ಶಾಖ ಮತ್ತು ಗಾಳಿಯ ತೇವ ಎರಡನ್ನೂ ತೋರಿಸುವ ಡಿಜಿಟಲ್ ಮೀಟರ್ ತಂದೆ. ಕೋಳಿ ತಲೆಯ ಎತ್ತರಕ್ಕೆ, ನೀರು ತಾಗದ ಕಡೆ ತೂಗುಹಾಕಿದ್ದೇನೆ. ಈ ವರ್ಷ ಅದನ್ನು ನೋಡದೆ ಮೋಟಾರ್ ಹಾಕಿಲ್ಲ. ತೇವ ಶೇಕಡಾ 60ರ ಒಳಗಿದ್ದರೆ ಮಾತ್ರ ಫಾಗರ್, ಅದೂ ಎರಡು ನಿಮಿಷ ಹಾಕಿ ಹತ್ತು ನಿಮಿಷ ಬಿಡುವುದು. 70 ದಾಟಿದರೆ ಮುಟ್ಟುವುದೇ ಇಲ್ಲ, ಬರೀ ಫ್ಯಾನ್.

ಗಾಳಿ ಆಡದ ಶೆಡ್ಡಿಗೆ ಈ ಕಿಟ್ ಹಾಕಲೇಬೇಡಿ. ನಾನು ಎರಡು ಉದ್ದ ಗೋಡೆಗಳನ್ನೂ ಮೊಣಕಾಲೆತ್ತರಕ್ಕೆ ಬಿಟ್ಟು ಮೇಲೆಲ್ಲ ಒಡೆಸಿ ಜಾಲರಿ ಹಾಕಿಸಿದೆ, ಸೂರಿನ ಕೆಳಗೆ ಬಿಸಿ ಗಾಳಿ ಹೋಗಲು ಜಾಗ ಬಿಡಿಸಿದೆ, ತಗಡಿನ ಮೇಲೆ ತೆಂಗಿನ ಗರಿ ಹೊದಿಸಿದೆ. ನನ್ನ ಕಣ್ಣಿಗೆ ಕಂಡಂತೆ ಅರ್ಧಕ್ಕರ್ಧ ಸೆಕೆ ಅದರಲ್ಲೇ ಹೋಯಿತು. ಹೊಟ್ಟನ್ನು ದಿನಾ ಕೆದಕುತ್ತೇನೆ, ಒದ್ದೆಯಾದ ಕಡೆ ತೆಗೆದು ಹೊಸದು ಹಾಕುತ್ತೇನೆ. ಮೇವು ಬೆಳಗಿನ ಜಾವ ಮತ್ತು ಸಂಜೆ ತಂಪಿಗೆ ಮಾತ್ರ. ಈ ಬೇಸಿಗೆಯಲ್ಲಿ ಸೆಕೆಗೆ ಒಂದೂ ಸತ್ತಿಲ್ಲ.

ಕಿಟ್‌ನಲ್ಲಿ ಒಂದು ತೊಂದರೆ ಉಂಟು. ನಮ್ಮದು ಬೋರ್‌ವೆಲ್‌ನ ಗಡಸು ನೀರು, ಮೂರು ವಾರಕ್ಕೆ ನಾಝಲ್ ಕಟ್ಟಿಕೊಂಡು ಮಂಜಿನ ಬದಲು ತೊಟ್ಟಿಕ್ಕಲು ಶುರುವಾಗುತ್ತದೆ. ಬಿಚ್ಚಿ ರಾತ್ರಿ ವಿನೆಗರ್‌ನಲ್ಲಿ ನೆನೆಹಾಕಿದರೆ ಸರಿಯಾಗುತ್ತದೆ. ಕೊಳ್ಳುವಾಗಲೇ ಎರಡು ನಾಝಲ್ ಜಾಸ್ತಿ ತಗೊಳ್ಳಿ.